ಹಣಕಾಸು ಮತ್ತು ದತ್ತಾಂಶ ವಿಶ್ಲೇಷಣೆಯ ಇಂಟರ್ನ್‌ಶಿಪ್: ಉಡುಪಿ, ಮಂಗಳೂರಿನ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉಡುಪಿಯಲ್ಲಿ ಎಂ.ಕಾಂ. ಓದುತ್ತಿರುವವಳು. ಓದಿನ ಭಾಗವಾಗಿ ಇಲ್ಲಿನ ಒಂದು ಪತ್ತಿನ ಸಹಕಾರಿ ಸಂಘದ ಪ್ರಧಾನ ಕಚೇರಿಯಲ್ಲಿ ಒಂದು ಸೆಮಿಸ್ಟರ್ ಕಾಲ ಲೆಕ್ಕಪತ್ರ ಮತ್ತು ದತ್ತಾಂಶದ ಕೆಲಸ ಮಾಡಿದೆ. ಅದಾದ ಮೇಲೆ ಕಿರಿಯ ವಿದ್ಯಾರ್ಥಿಗಳು ಸಿಕ್ಕಲ್ಲೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಸಂಘದ ಹೆಸರಾಗಲಿ ಸದಸ್ಯರ ವಿವರವಾಗಲಿ ಇಲ್ಲಿಲ್ಲ. ಉದಾಹರಣೆಗಳಲ್ಲಿ ಬರುವ ಮೊತ್ತಗಳು ವಿವರಣೆಗಾಗಿ ನಾನೇ ಇಟ್ಟುಕೊಂಡವು.

ವಿದೇಶಿ ವಿಶ್ವವಿದ್ಯಾಲಯಗಳು ಹೇಳುವ ಕೋ-ಆಪ್, ನಮ್ಮ ಇಂಟರ್ನ್‌ಶಿಪ್ ಎರಡೂ ಒಂದೆಯೇ?

ಹತ್ತಿರದ ಸಂಬಂಧಿಗಳು. ಕೋ-ಆಪ್‌ನಲ್ಲಿ ಒಂದು ಅವಧಿ ತರಗತಿ, ಒಂದು ಅವಧಿ ಸಂಬಳದ ಕೆಲಸ, ಮತ್ತೆ ತರಗತಿ ಎಂದು ಓದು ಮತ್ತು ದುಡಿಮೆ ಸರದಿಯಂತೆ ಬರುತ್ತವೆ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಇದನ್ನು ಆರಂಭಿಸಿದರು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಶುರುವಾದದ್ದೇ ಈ ಪದ್ಧತಿಯ ಮೇಲೆ. ಅಲ್ಲಿ ಒಂದು ಕೆಲಸದ ಅವಧಿ ಎಂದರೆ ನಾಲ್ಕು ತಿಂಗಳು.

ನಮ್ಮಲ್ಲಿ ಸಾಮಾನ್ಯವಾಗಿ ಕೊನೆಯ ವರ್ಷದಲ್ಲಿ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಕೆಲಸ, ಬಳಿಕ ವರದಿ, ಮೌಖಿಕ ಪರೀಕ್ಷೆ, ಅಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಸರದಿ ಪದ್ಧತಿಯೇ ಉತ್ತಮ. ಕೆಲಸದಲ್ಲಿ ಎದ್ದ ಪ್ರಶ್ನೆಯನ್ನು ತರಗತಿಗೆ ಹೊತ್ತೊಯ್ಯಲು ಅಲ್ಲಿ ಅವಕಾಶವಿದೆ. ನಮ್ಮಲ್ಲಿ ಪ್ರಶ್ನೆ ಏಳುವ ಹೊತ್ತಿಗೆ ಪದವಿಯೇ ಮುಗಿದಿರುತ್ತದೆ. ಆದ್ದರಿಂದ ಎರಡನೇ ವರ್ಷದ ಬೇಸಿಗೆ ರಜೆಯಲ್ಲೇ ಎಲ್ಲಾದರೂ ಸ್ವಲ್ಪ ಕಾಲ ಕುಳಿತು ಬನ್ನಿ, ಅಂಕ ಸಿಗದಿದ್ದರೂ ಸರಿ.

ಒಳ್ಳೆಯ ಅನುಭವಕ್ಕೆ ಬೆಂಗಳೂರಿಗೇ ಹೋಗಬೇಕೇ?

ಬೇಡ. ಈ ಮಾತನ್ನು ನಾನು ಊರಿನ ಅಭಿಮಾನಕ್ಕಾಗಿ ಹೇಳುತ್ತಿಲ್ಲ. 1906ರಲ್ಲೇ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿಗೂ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿಗೂ ಅಡಿಪಾಯ ಹಾಕಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಇಷ್ಟು ಚಿಕ್ಕ ಕರಾವಳಿ ಪಟ್ಟಿಯಲ್ಲಿ ಇಷ್ಟು ಬ್ಯಾಂಕುಗಳು! ಇವುಗಳಲ್ಲಿ ಮೂರು ಈಗ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿವೆ. ಆದರೆ ಲೆಕ್ಕ ಬಲ್ಲ ಜನ, ಲೆಕ್ಕ ಇಡುವ ಶಿಸ್ತು ಇಲ್ಲೇ ಉಳಿದಿವೆ.

ಪತ್ತಿನ ಸಹಕಾರಿ ಸಂಘಗಳು, ಸೌಹಾರ್ದ ಸಹಕಾರಿಗಳು, ಲೆಕ್ಕಪರಿಶೋಧಕರ ಕಚೇರಿಗಳು ಪ್ರತಿ ಪೇಟೆಯಲ್ಲೂ ಇವೆ. ಮಂಗಳೂರಿನಲ್ಲಿ 1973ರಿಂದ ಅಡಿಕೆ ವಹಿವಾಟು ನಡೆಸುತ್ತಿರುವ ಕ್ಯಾಂಪ್ಕೊ ಇದೆ. ಪಣಂಬೂರು ಬಂದರಿನ ಸುತ್ತ ಸರಕು ಸಾಗಣೆಯ ಸಂಸ್ಥೆಗಳಿವೆ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ದೊಡ್ಡ ಆಸ್ಪತ್ರೆಗಳ ಲೆಕ್ಕಪತ್ರ ವಿಭಾಗಗಳಿವೆ. ದೊಡ್ಡ ಕಂಪನಿಯಲ್ಲಿ ನಿಮ್ಮ ಪಾಲಿಗೆ ಒಂದು ಕೋಷ್ಟಕದ ಒಂದು ಮೂಲೆ ಬರುತ್ತದೆ. ಸಣ್ಣ ಸಂಘದಲ್ಲಿ ಓಚರ್‌ನಿಂದ ಹಿಡಿದು ಮಹಾಸಭೆಯಲ್ಲಿ ಮಂಡಿಸುವ ಅಢಾವೆ ಪತ್ರಿಕೆಯವರೆಗೆ (ಬ್ಯಾಲೆನ್ಸ್ ಶೀಟ್) ಹಣದ ದಾರಿ ಪೂರ್ತಿ ಕಾಣುತ್ತದೆ. ಕಲಿಯುವವರಿಗೆ ಬೇಕಾದದ್ದು ಇದು.

ಮೊದಮೊದಲು ಎಂಥ ಕೆಲಸ ಕೊಡುತ್ತಾರೆ?

ತಾಳೆ ನೋಡುವ ಕೆಲಸ. ಬಹಳ ಮಂದಿಗೆ ಇಲ್ಲೇ ನಿರಾಸೆಯಾಗುತ್ತದೆ. ಡ್ಯಾಶ್‌ಬೋರ್ಡ್ ಮಾಡಲು ಬಂದವರಿಗೆ ಪಿಗ್ಮಿ ಪಟ್ಟಿ ಕೊಟ್ಟು ಕೂರಿಸಿದರು ಎಂದು ಬೇಸರಪಡುತ್ತಾರೆ. ದಯವಿಟ್ಟು ಬೇಸರಪಡಬೇಡಿ, ಇಡೀ ಅವಧಿಯಲ್ಲಿ ನಾನು ಕಲಿತದ್ದರ ಬೇರು ಆ ಪಟ್ಟಿಯಲ್ಲೇ ಇದೆ.

ಪಿಗ್ಮಿ ಎಂದರೆ ದಿನದಿನವೂ ಸಣ್ಣ ಮೊತ್ತ ಕಟ್ಟುವ ಉಳಿತಾಯ, ನಮ್ಮ ನೆಲದ್ದೇ ಯೋಜನೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಇದನ್ನು ಶುರುಮಾಡಿದಾಗ ದಿನಕ್ಕೆ ಎರಡಾಣೆ ಉಳಿಸಬಲ್ಲವರ ಮನೆ ಬಾಗಿಲಿಗೂ ಸಂಗ್ರಾಹಕರು ಹೋಗುತ್ತಿದ್ದರು. ಇಂದು ಸಂಗ್ರಾಹಕರ ಕೈಯಲ್ಲಿ ಪುಟ್ಟ ಯಂತ್ರವಿದೆ. ಸಂಜೆ ಯಂತ್ರದ ಮೊತ್ತ, ಅವರು ಕೌಂಟರಿನಲ್ಲಿ ಕಟ್ಟಿದ ನಗದು, ಸಂಘದ ತಂತ್ರಾಂಶದಲ್ಲಿ ಜಮೆಯಾದ ಮೊತ್ತ, ಈ ಮೂರೂ ಒಂದಾಗಬೇಕು. ಆಗದಿದ್ದರೆ ಏಕೆಂದು ಹುಡುಕಬೇಕು.

ಹುಡುಕುವುದಕ್ಕೂ ಒಂದು ಕ್ರಮವಿದೆ. ನನಗೆ ಅದನ್ನು ಹೇಳಿಕೊಟ್ಟವರು ಅಲ್ಲಿನ ಹಿರಿಯ ಲೆಕ್ಕಿಗರು, ಕಚೇರಿಯವರೆಲ್ಲ ಅಕ್ಕ ಎಂದೇ ಕರೆಯುವವರು. ವ್ಯತ್ಯಾಸದ ಮೊತ್ತ 9ರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಅಂಕಿಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. 1,630 ಎಂದು ಬರೆಯಬೇಕಾದಲ್ಲಿ 1,360 ಎಂದಾದರೆ ವ್ಯತ್ಯಾಸ 270, ಅಂದರೆ ಒಂಬತ್ತು ಮೂವತ್ತಲೆ. ವ್ಯತ್ಯಾಸ ಎರಡರಿಂದ ಭಾಗವಾದರೆ ಅದರ ಅರ್ಧದಷ್ಟು ಮೊತ್ತವನ್ನು ಹುಡುಕಬೇಕು, ಜಮೆಗೆ ಹೋಗಬೇಕಾದದ್ದು ಖರ್ಚಿಗೆ ಹೋಗಿರಬಹುದು. ಈ ಎರಡೂ ಕಂಪ್ಯೂಟರ್ ಬರುವ ಮೊದಲಿನ ಉಪಾಯಗಳು. ಇಂದಿಗೂ ಗಂಟೆಗಟ್ಟಲೆ ಹುಡುಕಾಟ ಉಳಿಸುತ್ತವೆ.

ತಾಳೆಯಾಗದ ಲೆಕ್ಕದ ಮೇಲೆ ಎಷ್ಟು ಚಂದದ ಚಾರ್ಟ್ ಎಳೆದರೂ ಅದನ್ನು ನಂಬುವಂತಿಲ್ಲ. ಇದು ಮನಸ್ಸಿಗೆ ಇಳಿದ ಮೇಲೆ ಉಳಿದ ವಿಶ್ಲೇಷಣೆಯೆಲ್ಲ ಸಲೀಸು.

ಎಕ್ಸೆಲ್ ಎಷ್ಟು ಗೊತ್ತಿರಬೇಕು?

ಪಿವಟ್ ಟೇಬಲ್, ವಿ-ಲುಕಪ್ ಅಥವಾ ಎಕ್ಸ್-ಲುಕಪ್, ಷರತ್ತಿನ ಮೇಲೆ ಕೂಡುವ ಮತ್ತು ಎಣಿಸುವ ಸೂತ್ರಗಳು, ಫಿಲ್ಟರ್. ಇಷ್ಟರಿಂದ ದಿನದ ಕೆಲಸದ ಬಹುಭಾಗ ಸಾಗುತ್ತದೆ. ಸೂತ್ರ ಬಾರದೆ ಕೆಲಸ ಕೆಡುವುದು ಕಡಿಮೆ, ದತ್ತಾಂಶ ಒಳಗೆ ಬರುವಾಗಲೇ ಕೆಡುವುದು ಹೆಚ್ಚು. ಅದರ ಕೆಲವು ಬಗೆಗಳನ್ನು ಮೊದಲೇ ತಿಳಿದುಕೊಂಡಿರಿ.

ಎಕ್ಸೆಲ್ ಒಂದು ಸಂಖ್ಯೆಯ ಮೊದಲ 15 ಅಂಕಿಗಳನ್ನು ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಗಳ ಖಾತೆ ಸಂಖ್ಯೆಯನ್ನು ಹಾಗೆಯೇ ಅಂಟಿಸಿದರೆ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಖಾತೆ ಸಂಖ್ಯೆಯ ಆರಂಭದ ಸೊನ್ನೆಗಳೂ ಹಾರಿಹೋಗುತ್ತವೆ. ಅಂಟಿಸುವ ಮೊದಲೇ ಆ ಕಾಲಂ ಅನ್ನು ಪಠ್ಯ ಎಂದು ಗುರುತಿಸಬೇಕು, ಆಮೇಲೆ ಬದಲಿಸಿದರೆ ಕಳೆದುಹೋದ ಅಂಕಿ ಮರಳುವುದಿಲ್ಲ.

ದಿನಾಂಕದ್ದು ಇನ್ನೊಂದು ತಲೆನೋವು. ಕಂಪ್ಯೂಟರಿನಲ್ಲಿ ಅಮೆರಿಕದ ಕ್ರಮವಿದ್ದರೆ ನಮ್ಮ 03/04/2024 ಮಾರ್ಚ್ 4 ಆಗಿಬಿಡುತ್ತದೆ. 13/04/2024 ಮಾತ್ರ ತಿಂಗಳು ಹದಿಮೂರಿಲ್ಲದ ಕಾರಣ ಪಠ್ಯವಾಗಿ ಉಳಿಯುತ್ತದೆ. ಕಾಲಂನಲ್ಲಿ ಕೆಲವು ದಿನಾಂಕಗಳು ಬಲಕ್ಕೂ ಕೆಲವು ಎಡಕ್ಕೂ ವಾಲಿ ನಿಂತಿದ್ದರೆ ಅಲ್ಲೇ ಕೆಲಸ ನಿಲ್ಲಿಸಿ.

ಹೆಸರುಗಳ ವಿಷಯದಲ್ಲಿ ನಮ್ಮ ಜಿಲ್ಲೆಗಳಿಗೆ ನಮ್ಮದೇ ಸವಾಲುಗಳಿವೆ. ಇಂಗ್ಲಿಷ್ ಅಕ್ಷರಗಳಲ್ಲಿ ಪೂಜಾರಿ ಎಂಬುದು ಒಂದು ಕಡೆ ವೈ ಅಕ್ಷರದಿಂದ, ಇನ್ನೊಂದು ಕಡೆ ಐ ಅಕ್ಷರದಿಂದ ಮುಗಿಯುತ್ತದೆ. ಕಾಮತ್‌ಗೆ ಕೆಲವರು ಎಚ್ ಸೇರಿಸುತ್ತಾರೆ, ಕೆಲವರು ಇಲ್ಲ. ಡಿಸೋಜ ಎಂಬುದು ಚಿಹ್ನೆಯೊಂದಿಗೆ, ಚಿಹ್ನೆಯಿಲ್ಲದೆ, ನಡುವೆ ಜಾಗ ಬಿಟ್ಟು, ಹೀಗೆ ಮೂರು ರೂಪದಲ್ಲಿ ಸಿಗುತ್ತದೆ. ಒಬ್ಬರೇ ಸದಸ್ಯರು ಮೂವರಂತೆ ಕಾಣುತ್ತಾರೆ. ಇನ್ನು ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ ನಾಲ್ವರು ಶೆಟ್ಟರು ಇರುವುದೂ ಉಂಟು. ಆದ್ದರಿಂದ ಹೆಸರಿನ ಮೇಲೆ ಎರಡು ಪಟ್ಟಿಗಳನ್ನು ಎಂದೂ ಜೋಡಿಸಬೇಡಿ, ಸದಸ್ಯ ಸಂಖ್ಯೆಯ ಮೇಲೆ ಜೋಡಿಸಿ.

ಹಣ ಕಳುಹಿಸುವಾಗ ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ 11 ಅಕ್ಷರಗಳದ್ದು, ಐದನೆಯದು ಸದಾ ಸೊನ್ನೆ. ಅಲ್ಲಿ ಇಂಗ್ಲಿಷಿನ ಓ ಅಕ್ಷರ ಕುಳಿತಿದ್ದರೆ ಹಣ ಹೋಗುವುದಿಲ್ಲ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಅದರ ಹಳೆಯ ಕೋಡ್‌ಗಳು 2021ರ ಜುಲೈ 1ರಿಂದ ನಡೆಯುತ್ತಿಲ್ಲ. ನಮ್ಮ ಕಡೆಯ ಹಳೆ ಸದಸ್ಯರ ಕಡತಗಳಲ್ಲಿ ಎಸ್‌ವೈಎನ್‌ಬಿ ಎಂದು ಆರಂಭವಾಗುವ ಕೋಡ್ ಈಗಲೂ ಕಂಡರೆ ಆಶ್ಚರ್ಯವಿಲ್ಲ.

ಪೈಥಾನ್, ಎಸ್‌ಕ್ಯೂಎಲ್, ಪವರ್ ಬಿಐ ಕಲಿತಿರಬೇಕೇ?

ದತ್ತಾಂಶದ ಕೋಷ್ಟಕಗಳಿಂದ ಬೇಕಾದದ್ದನ್ನು ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್ ಕಲಿಯಿರಿ, ಅದು ಬೇಗ ಕೈಹಿಡಿಯುತ್ತದೆ. ಬೇಕಾದ ಸಾಲುಗಳನ್ನು ಆರಿಸುವುದು, ಗುಂಪು ಮಾಡಿ ಕೂಡುವುದು, ಎರಡು ಕೋಷ್ಟಕಗಳನ್ನು ಬೆಸೆಯುವುದು ಬಂದರೆ ಸಾಕು. ಪೈಥಾನ್ ಬೇಕೆನಿಸುವುದು ಸಾಲುಗಳು ಹೆಚ್ಚಾದಾಗ. ಎಕ್ಸೆಲ್‌ನ ಒಂದು ಹಾಳೆ 10,48,576 ಸಾಲುಗಳಿಗೆ ಮುಗಿಯುತ್ತದೆ. 2,000 ಪಿಗ್ಮಿ ಖಾತೆಗಳು ವರ್ಷಕ್ಕೆ 300 ದಿನ ಕಟ್ಟಿದವು ಎನ್ನಿ, ಆರು ಲಕ್ಷ ಸಾಲು. ಎರಡು ವರ್ಷಗಳದ್ದು ಒಂದೇ ಹಾಳೆಯಲ್ಲಿ ಹಿಡಿಸುವುದಿಲ್ಲ. ಡ್ಯಾಶ್‌ಬೋರ್ಡ್ ಮಾಡುವ ಪವರ್ ಬಿಐ ಅನ್ನು ಕೆಲಸಕ್ಕೆ ಸೇರಿದ ಮೇಲೂ ಕಲಿಯಬಹುದು.

ಹಣಕಾಸಿನಲ್ಲಿ ಏನನ್ನು ಓದಿಕೊಂಡು ಹೋಗಬೇಕು?

ಪಠ್ಯದಲ್ಲಿ ಓದಿದ ಅನುಪಾತಗಳಿಗಿಂತ ಮೊದಲು ಸಾಲದ ವಯಸ್ಸು ಅರ್ಥವಾಗಬೇಕು. ಬ್ಯಾಂಕುಗಳಲ್ಲಿ ಅಸಲಿನ ಕಂತೋ ಬಡ್ಡಿಯೋ 90 ದಿನ ಮೀರಿ ಬಾಕಿಯಾದರೆ ಆ ಸಾಲ ಅನುತ್ಪಾದಕ ಎನಿಸುತ್ತದೆ. ಅದಕ್ಕೂ ಮೊದಲು 30, 60, 90 ದಿನಗಳ ಮೂರು ಎಚ್ಚರಿಕೆಯ ಮೆಟ್ಟಿಲುಗಳಿವೆ. ಬೆಳೆ ಸಾಲಕ್ಕೆ ದಿನಗಳ ಲೆಕ್ಕವಿಲ್ಲ, ಹಂಗಾಮಿನ ಲೆಕ್ಕ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು.

ಸಂಘಗಳ ಕಡತಗಳ ಕನ್ನಡವನ್ನೂ ರೂಢಿಸಿಕೊಳ್ಳಿ. ನಿರಖು ಠೇವಣಿ (ಫಿಕ್ಸೆಡ್ ಡೆಪಾಸಿಟ್), ಸುಸ್ತಿ ಬಾಕಿ (ಗಡುವು ಮೀರಿದ ಬಾಕಿ), ಪಾಲು ಬಂಡವಾಳ, ಜಾಮೀನುದಾರರು, ಚಿನ್ನಾಭರಣ ಈಡಿನ ಸಾಲ ಇವೆಲ್ಲ ಅಲ್ಲಿ ಪ್ರತಿದಿನದ ಮಾತು. ಸಂಘವು ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ 1959ರ ಕೆಳಗೆ ಬರುತ್ತದೆಯೋ ಸೌಹಾರ್ದ ಸಹಕಾರಿ ಅಧಿನಿಯಮ 1997ರ ಕೆಳಗೋ ಎಂದು ಸೇರಿದ ದಿನವೇ ಕೇಳಿಕೊಳ್ಳಿ.

ಅಷ್ಟೆಲ್ಲ ತಾಳೆ ನೋಡಿದ ಮೇಲೆ ವಿಶ್ಲೇಷಣೆ ಎಂದು ನಿಜಕ್ಕೂ ಮಾಡಿದ್ದೇನು?

ಕರಾವಳಿಯ ಶಾಖೆಯೊಂದರಲ್ಲಿ ಜೂನ್ ತಿಂಗಳಿಂದ ಸಾಲದ ಮರುಪಾವತಿ ಇಳಿಯುತ್ತದೆ, ಏನಾಗಿದೆ ನೋಡು ಎಂದರು. ಏಪ್ರಿಲ್, ಮೇ, ಜೂನ್ ಎಂದು ಸಾಲಾಗಿ ಇಟ್ಟು ನೋಡಿದರೆ ಗೆರೆ ಜರ್ರನೆ ಕೆಳಗಿಳಿಯುತ್ತದೆ. ಇಷ್ಟನ್ನೇ ನೋಡಿದವರು ಆ ಶಾಖೆಯ ಸಾಲಗಾರರ ಮೇಲೆ ಕೆಂಪು ಗುರುತು ಹಾಕಿಬಿಡುತ್ತಾರೆ. ಆದರೆ ಮಲ್ಪೆಯ ಮೀನುಗಾರಿಕಾ ಬಂದರನ್ನು ಬಲ್ಲವರಿಗೆ ಗೊತ್ತು, ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಬೋಟುಗಳು ದಕ್ಕೆಯಲ್ಲಿ ನಿಲ್ಲುತ್ತವೆ. ಬೋಟಿನವರ ಜೊತೆಗೆ ಮಂಜುಗಡ್ಡೆ ಸ್ಥಾವರದವರು, ಮೀನು ಸಾಗಿಸುವ ಟೆಂಪೊದವರು, ಬುಟ್ಟಿ ಹೊತ್ತು ಮಾರುವ ಮಹಿಳೆಯರು ಎಲ್ಲರ ಕೈಯೂ ಬಿಗಿಯಾಗುತ್ತದೆ. ನಾಡದೋಣಿಯವರು ಮಾತ್ರ ಮಳೆಗಾಲದಲ್ಲೂ ಕಡಲಿಗೆ ಇಳಿಯುತ್ತಾರೆ.

ಆದ್ದರಿಂದ ಜೂನ್ ಅನ್ನು ಮೇ ತಿಂಗಳೊಂದಿಗೆ ಹೋಲಿಸದೆ ಕಳೆದ ವರ್ಷಗಳ ಜೂನ್‌ನೊಂದಿಗೆ ಹೋಲಿಸಬೇಕು. ಹಾಗೆ ಮಾಡಿದಾಗ ಹೆಚ್ಚಿನ ಇಳಿತ ಪ್ರತಿ ವರ್ಷದ್ದೇ ಎಂದು ತಿಳಿಯಿತು. ಆಗಸ್ಟ್ ಕಳೆದ ಮೇಲೂ ಚೇತರಿಸಿಕೊಳ್ಳದೆ ಉಳಿದ ಖಾತೆಗಳು ಬೇರೆ. ಶಾಖೆಯವರು ಹೋಗಿ ಮಾತನಾಡಿಸಬೇಕಾದದ್ದು ಅವರನ್ನು. ನನ್ನ ಕೆಲಸದ ತಿರುಳು ಆ ಸಣ್ಣ ಪಟ್ಟಿ. ಅದನ್ನು ತಯಾರಿಸಲು ಯಾವ ದೊಡ್ಡ ಗಣಿತವೂ ಬೇಕಾಗಲಿಲ್ಲ.

ಇಂಥ ಕಾಲಮಾನಗಳು ನಮ್ಮಲ್ಲಿ ಹಲವು. ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರ ಕಂತು ನಿಧಾನವಾಗುವುದು ಸಹಜ. ಅಡಿಕೆ ಬೆಳೆಗಾರರು ದರ ನೋಡಿ ಮಾರುತ್ತಾರೆ, ಮಾರಿದಾಗ ಒಟ್ಟಿಗೆ ಕಟ್ಟುತ್ತಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳಿರುವ ಮನೆಗಳ ಖಾತೆಯ ಲಯವೇ ಬೇರೆ. 2016ರ ನವೆಂಬರ್ 8ರ ನೋಟು ರದ್ದತಿ, 2020ರ ಲಾಕ್‌ಡೌನ್ ಮತ್ತು ಕಂತು ಮುಂದೂಡಿಕೆಯ ತಿಂಗಳುಗಳು ಯಾವ ಸರಾಸರಿಯನ್ನೂ ಕದಡುತ್ತವೆ. ಅವುಗಳನ್ನು ಗುರುತು ಮಾಡಿ ಪ್ರತ್ಯೇಕ ಇಡಿ.

ಸರಾಸರಿಯ ಬಗ್ಗೆ ಒಂದು ಮಾತು. ಒಂಬತ್ತು ಜನರ ಠೇವಣಿ ತಲಾ 50 ಸಾವಿರ, ಹತ್ತನೆಯವರದು 25 ಲಕ್ಷ ಎಂದುಕೊಳ್ಳಿ. ಸರಾಸರಿ 2 ಲಕ್ಷ 95 ಸಾವಿರ ಬರುತ್ತದೆ, ಅಷ್ಟು ಠೇವಣಿ ಇಟ್ಟವರು ಆ ಹತ್ತರಲ್ಲಿ ಒಬ್ಬರೂ ಇಲ್ಲ. ಮೊತ್ತಗಳನ್ನು ಏರಿಕೆಯ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವ ಮಧ್ಯಾಂಕ 50 ಸಾವಿರ. ಆಡಳಿತ ಮಂಡಳಿಗೆ ಎರಡನ್ನೂ ಕೊಡಿ.

ವರದಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ?

ಕಾಲೇಜಿಗೆ ಅವರು ಕೇಳಿದ ಭಾಷೆಯಲ್ಲಿ. ಸಂಘದ ನಿರ್ದೇಶಕರಿಗೆ ಕನ್ನಡದಲ್ಲಿ, ಒಂದು ಪುಟ ಮೀರದಂತೆ. ನಿರ್ದೇಶಕರಲ್ಲಿ ಕೃಷಿಕರು, ವ್ಯಾಪಾರಿಗಳು, ನಿವೃತ್ತ ಶಿಕ್ಷಕರು ಇರುತ್ತಾರೆ. ಲೆಕ್ಕದಲ್ಲಿ ಅವರು ನಮಗಿಂತ ಚುರುಕು. ಗೊತ್ತಿಲ್ಲದ ಪದಗಳನ್ನು ಅವರ ಮುಂದೆ ಸುರಿಯುವುದರಿಂದ ಯಾರಿಗೂ ಲಾಭವಿಲ್ಲ.

ತುಳು ಬರದಿದ್ದರೆ ಕಷ್ಟವೇ?

ಕಚೇರಿ ನಡೆಯುವುದು ಕನ್ನಡದಲ್ಲಿ, ಕೌಂಟರ್ ಬಹುಪಾಲು ತುಳುವಿನಲ್ಲಿ, ಕೆಲವೆಡೆ ಕೊಂಕಣಿ, ಬ್ಯಾರಿ, ಕುಂದಾಪುರದ ಕಡೆ ಅಲ್ಲಿನ ಕನ್ನಡ. ನಾಲ್ಕು ಮಾತು ಕಲಿತರೆ ಜನ ಸಂತೋಷದಿಂದ ಉಳಿದದ್ದನ್ನು ಕಲಿಸುತ್ತಾರೆ.

ಸ್ಟೈಪೆಂಡ್ ಸಿಗುತ್ತದೆಯೇ?

ಕೆಲವೆಡೆ ಸಿಗುತ್ತದೆ, ಹಲವೆಡೆ ಬಸ್ಸಿನ ಖರ್ಚಿಗೆ ಸಾಕಾಗುವಷ್ಟು ಮಾತ್ರ, ಕೆಲವೆಡೆ ಏನೂ ಇಲ್ಲ. ಸೇರುವ ಮೊದಲೇ ಕೇಳಿ, ಕೇಳುವುದರಲ್ಲಿ ಸಂಕೋಚವೇನಿಲ್ಲ. ಮಂಗಳೂರು ಮತ್ತು ಉಡುಪಿ ನಡುವೆ ದಿನಾ ಓಡಾಡುವ ವಿದ್ಯಾರ್ಥಿಗೆ ಟಿಕೆಟ್ ಖರ್ಚು ಸಣ್ಣದಲ್ಲ. ದುಡಿಸಿಕೊಂಡವರು ಸ್ವಲ್ಪವಾದರೂ ಕೊಡಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಇನ್ನು ಪ್ರಮಾಣಪತ್ರಕ್ಕಾಗಿ ನಿಮ್ಮಿಂದಲೇ ಹಣ ಕೇಳುವ ಆನ್‌ಲೈನ್ ಇಂಟರ್ನ್‌ಶಿಪ್‌ಗಳ ಕಡೆ ತಿರುಗಿಯೂ ನೋಡಬೇಡಿ.

ಸಿಎ ಆರ್ಟಿಕಲ್‌ಶಿಪ್‌ಗೂ ಇದಕ್ಕೂ ಏನು ವ್ಯತ್ಯಾಸ?

ಆರ್ಟಿಕಲ್‌ಶಿಪ್ ಸಿಎ ಆಗಲು ಕಡ್ಡಾಯ. 2023ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಅದರ ಅವಧಿ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಸಿಎ ಸಂಸ್ಥೆಯ ನಿಯಮಕ್ಕೆ ಒಳಪಟ್ಟ ನೋಂದಾಯಿತ ತರಬೇತಿ ಅದು. ಕಾಲೇಜಿನ ಇಂಟರ್ನ್‌ಶಿಪ್ ಅದಕ್ಕೆ ಬದಲಿಯಾಗುವುದಿಲ್ಲ. ಸಿಎ ಓದುವುದೋ ಬೇಡವೋ ಎಂಬ ಗೊಂದಲದಲ್ಲಿರುವವರಿಗೆ ಮಾತ್ರ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಬಹಳ ಉಪಕಾರಿ.

ಪರಿಚಿತರ ಖಾತೆ ಕಣ್ಣಿಗೆ ಬಿದ್ದರೆ?

ಬಿದ್ದೇ ಬೀಳುತ್ತದೆ, ನಮ್ಮದು ಸಣ್ಣ ಊರು. ನೆರೆಮನೆಯವರು ಚಿನ್ನ ಅಡವಿಟ್ಟಿರುವುದು, ನಿಮ್ಮ ಶಿಕ್ಷಕರು ಯಾರಿಗೋ ಜಾಮೀನು ನಿಂತು ತೊಂದರೆಯಲ್ಲಿರುವುದು ಪರದೆಯ ಮೇಲೆ ಕಾಣಬಹುದು. ಅದು ಆ ಕೋಣೆಯಲ್ಲೇ ಉಳಿಯಬೇಕು, ಮನೆಯಲ್ಲಿ ಅಮ್ಮನೊಂದಿಗೂ ಆಡುವ ಮಾತಲ್ಲ. ಈ ವಿಷಯದಲ್ಲಿ ಸಡಿಲವಾಗಿರುವವರು ದಯವಿಟ್ಟು ಈ ಕ್ಷೇತ್ರಕ್ಕೆ ಬರಬೇಡಿ ಎಂದೇ ನಾನು ಹೇಳುತ್ತೇನೆ.

ಕಡತವನ್ನು ಸ್ವಂತ ಲ್ಯಾಪ್‌ಟಾಪಿಗೆ, ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಡಿ. ಪರದೆಯ ಚಿತ್ರ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಗೆಳತಿಗೆ ಕಳುಹಿಸಿ ಸೂತ್ರದ ಸಂದೇಹ ಕೇಳಬೇಡಿ. ಸದಸ್ಯರ ವಿವರವನ್ನು ಕೃತಕ ಬುದ್ಧಿಮತ್ತೆಯ ಉಪಕರಣಗಳಿಗೆ ಅಂಟಿಸಬೇಡಿ. ಸೂತ್ರ ಕೇಳಬೇಕಾದರೆ ಸುಳ್ಳು ಹೆಸರು, ಸುಳ್ಳು ಮೊತ್ತದ ಐದು ಸಾಲು ಬರೆದು ಕೇಳಿ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂದಿದೆ. ಕಾಲೇಜಿನ ವರದಿಯಲ್ಲಿ ಸದಸ್ಯ ಸಂಖ್ಯೆಯೂ ಇರಬಾರದು.

ಕಚೇರಿಯ ಲೆಕ್ಕದಲ್ಲೇ ತಪ್ಪು ಕಂಡರೆ ಯಾರಿಗೆ ಹೇಳಬೇಕು?

ನಿಮಗೆ ಕೆಲಸ ಹೇಳಿದವರಿಗೆ, ಮೊದಲು, ಒಬ್ಬರಿಗೇ. ತಪ್ಪಾಗಿದೆ ಎಂದು ತೀರ್ಪು ಕೊಡದೆ, ಈ ಎರಡು ಮೊತ್ತ ತಾಳೆಯಾಗುತ್ತಿಲ್ಲ, ನನಗೆ ಅರ್ಥವಾಗುತ್ತಿಲ್ಲ ಸರ್ ಎಂದು ಓಚರ್ ಸಂಖ್ಯೆ, ದಿನಾಂಕದ ಸಮೇತ ತೋರಿಸಿ. ಹಲವು ಸಲ ಅದಕ್ಕೆ ಸರಿಯಾದ ಕಾರಣ ಇರುತ್ತದೆ. ನೀವಾಗಿಯೇ ಮೂಲ ದತ್ತಾಂಶವನ್ನು ತಿದ್ದುವುದು ಮಾತ್ರ ಎಂದಿಗೂ ಸಲ್ಲದು.

ಮೌಖಿಕ ಪರೀಕ್ಷೆಯಲ್ಲಿ, ಮುಂದೆ ಸಂದರ್ಶನದಲ್ಲಿ ಏನು ಕೇಳುತ್ತಾರೆ?

ಈ ಅಂಕಿ ಎಲ್ಲಿಂದ ಬಂತು? ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಒಳಗಿರುವುದು ಇದೇ. ಆದ್ದರಿಂದ ಪ್ರತಿದಿನ ಸಂಜೆ ಒಂದು ಪುಟ ಬರೆದಿಡಿ: ಯಾವ ಕಡತ, ಎಷ್ಟು ಸಾಲು ಬಂದವು, ಎಷ್ಟನ್ನು ಯಾವ ಕಾರಣಕ್ಕೆ ಕೈಬಿಟ್ಟೆ, ಒಟ್ಟು ಮೊತ್ತ ಮೂಲದೊಂದಿಗೆ ಹೊಂದಿತೇ. ಸ್ವವಿವರದಲ್ಲಿಯೂ ದತ್ತಾಂಶ ವಿಶ್ಲೇಷಣೆ ಮಾಡಿದೆ ಎಂಬ ಒಣ ಸಾಲಿಗಿಂತ, ಹಂಗಾಮಿನ ಇಳಿತದಿಂದ ನಿಜವಾದ ಸುಸ್ತಿಯನ್ನು ಬೇರ್ಪಡಿಸುವ ಪಟ್ಟಿ ತಯಾರಿಸಿದೆ ಎಂದು ಬರೆದರೆ ಎದುರು ಕುಳಿತವರು ತಲೆ ಎತ್ತಿ ನೋಡುತ್ತಾರೆ.

ಯಾವಾಗ, ಹೇಗೆ ಅರ್ಜಿ ಹಾಕಬೇಕು?

ಮಾರ್ಚ್ ಕೊನೆಯ ವಾರಗಳಲ್ಲಿ ಯಾರನ್ನೂ ಕಾಣಲು ಹೋಗಬೇಡಿ, ಆರ್ಥಿಕ ವರ್ಷದ ಮುಕ್ತಾಯದ ಗಡಿಬಿಡಿ. ಜನವರಿ, ಫೆಬ್ರವರಿಯಲ್ಲೇ ಕಾಲೇಜಿನ ಪತ್ರದೊಂದಿಗೆ ನೇರವಾಗಿ ಹೋಗಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಯವರನ್ನು ಭೇಟಿಯಾಗಿ. ಸಾಧ್ಯವಾದರೆ ಏಪ್ರಿಲ್‌ನಿಂದ ಸೇರಿಕೊಳ್ಳಿ. ಆಗ ವರ್ಷದ ಲೆಕ್ಕ ಮುಗಿಸುವುದು, ಲೆಕ್ಕಪರಿಶೋಧನೆ, ಸೆಪ್ಟೆಂಬರ್ ಒಳಗಿನ ಮಹಾಸಭೆಯ ತಯಾರಿ ಒಂದರ ಹಿಂದೆ ಒಂದು ನಡೆಯುತ್ತವೆ, ಕಚೇರಿಗೂ ಕೈಗಳು ಬೇಕಿರುತ್ತವೆ. ಹೋಗುವಾಗ ಆ ಸಂಘದ ಹಿಂದಿನ ವರ್ಷದ ವಾರ್ಷಿಕ ವರದಿಯನ್ನು ಹುಡುಕಿ ಓದಿಕೊಂಡು ಹೋಗಿ. ಸದಸ್ಯರಾಗಿರುವ ಯಾರ ಮನೆಯಲ್ಲಾದರೂ ಅದರ ಪ್ರತಿ ಇರುತ್ತದೆ. ಅಢಾವೆ ಪತ್ರಿಕೆಯ ಒಂದು ಸಾಲಿನ ಬಗ್ಗೆ ಒಂದು ಪ್ರಶ್ನೆ ಸಿದ್ಧವಿಟ್ಟುಕೊಂಡು ಒಳಗೆ ಹೋಗಿ.